ಎರಡೂ ಪಕ್ಷ ಸಾಕಾಗಿದೆ, ವೋಟು ಯಾಕೆ ಹಾಕಬೇಕು?

ಪೆನ್ಸಿಲ್ವೇನಿಯಾದಿಂದ ಓದುಗರೊಬ್ಬರ ಪ್ರಶ್ನೆ:

"ಮೇಡಂ, ನಾವು ಫಿಲಡೆಲ್ಫಿಯಾ ಹತ್ತಿರ ಇದ್ದೇವೆ. 2019ರಲ್ಲಿ ನಾನು ಅಮೆರಿಕದ ಸಿಟಿಜನ್ ಆದೆ. ವೋಟರ್ ಫಾರ್ಮ್ ತುಂಬುವಾಗ ಪಕ್ಷದ ಕಾಲಂನಲ್ಲಿ 'ಯಾವುದೂ ಇಲ್ಲ' ಎಂದು ಗುರುತು ಹಾಕಿದೆ. ಯಾರ ಬಾಲವೂ ಆಗಬಾರದು ಅನ್ನೋದು ನನ್ನ ಆಸೆ. 2020, 2024 ಎರಡರಲ್ಲೂ ಮನಸ್ಸಿಲ್ಲದ ಮನಸ್ಸಿನಿಂದ ವೋಟು ಹಾಕಿದೆ. ಒಬ್ಬರು ಬೇಡ ಎಂದು ಇನ್ನೊಬ್ಬರಿಗೆ, ಅಷ್ಟೇ. ನನ್ನ ತಮ್ಮ ಹನ್ನೆರಡು ವರ್ಷದಿಂದ ಗ್ರೀನ್ ಕಾರ್ಡ್‌ಗೆ ಕಾಯುತ್ತಿದ್ದಾನೆ. ಎರಡೂ ಪಕ್ಷದವರು ಮಾತಾಡುತ್ತಾರೆ, ಕೆಲಸ ಮಾತ್ರ ಆಗಿಲ್ಲ. ಇಷ್ಟು ದೊಡ್ಡ ದೇಶದಲ್ಲಿ ಎಂಬತ್ತರ ಆಸುಪಾಸಿನವರೇ ಸಿಗೋದಾ? ನಮ್ಮ ಕರ್ನಾಟಕದಲ್ಲಿ ಕೊನೇಪಕ್ಷ ಮೂರನೇ ಪಕ್ಷ ಇದೆ, ಪಕ್ಷೇತರರು ಇದ್ದಾರೆ, ನೋಟಾ ಇದೆ. ನಮ್ಮ ಯಜಮಾನರು 'ಇನ್ನು ವೋಟೇ ಹಾಕಲ್ಲ, ಆಗಲಾದರೂ ಇವರಿಗೆ ಬುದ್ಧಿ ಬರಲಿ' ಅಂತಾರೆ. ನನಗೆ ಮೂರನೇ ಪಕ್ಷಕ್ಕೆ ಹಾಕೋಣ ಅನ್ನಿಸುತ್ತೆ. ಯಾವುದು ಸರಿ?"

ನಿಮ್ಮ ಬೇಸರ ಅತಿಯಾದದ್ದಲ್ಲ. ನೀವು ಒಂಟಿಯೂ ಅಲ್ಲ. ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಕೇಳಿದಾಗ ನೂರಕ್ಕೆ 28 ಜನ ಡೆಮಾಕ್ರಟಿಕ್, ರಿಪಬ್ಲಿಕನ್ ಎರಡೂ ಪಕ್ಷಗಳ ಬಗ್ಗೆ ತಮಗೆ ಒಳ್ಳೆಯ ಅಭಿಪ್ರಾಯವಿಲ್ಲ ಎಂದಿದ್ದರು. 1994ರಲ್ಲಿ ಹಾಗೆ ಹೇಳಿದವರು ನೂರಕ್ಕೆ 6 ಮಾತ್ರ. ನಾನು ಇಲ್ಲಿ ಕಾಲೇಜಿನಲ್ಲಿ ಅಮೆರಿಕದ ರಾಜಕೀಯ ವ್ಯವಸ್ಥೆಯನ್ನೇ ಪಾಠ ಮಾಡುವವಳು. ಮೊದಲ ಸಲ ವೋಟು ಹಾಕುವ ಹುಡುಗರಿಂದಲೂ ಇದೇ ಮಾತು ಕೇಳುತ್ತೇನೆ.

ನೀವು ಕೇಳಿದ್ದು ಎರಡು ವಿಷಯ: ವೋಟು ಹಾಕದೇ ಇರುವುದು, ಮೂರನೇ ಪಕ್ಷಕ್ಕೆ ಹಾಕುವುದು. ಎರಡಕ್ಕೂ ಉತ್ತರ ಹೇಳುತ್ತೇನೆ. ಆದರೆ ನನ್ನ ಕಣ್ಣು ನಿಂತದ್ದು ನೀವು ಹಾಗೇ ಹೇಳಿ ಮುಂದೆ ಹೋದ ಒಂದು ಮಾತಿನ ಮೇಲೆ. ಪಕ್ಷದ ಕಾಲಂನಲ್ಲಿ 'ಯಾವುದೂ ಇಲ್ಲ' ಎಂದು ಗುರುತು ಹಾಕಿದ್ದು. ನಿಮ್ಮ ರಾಜ್ಯದಲ್ಲಿ ಅದಕ್ಕೆ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬೆಲೆ ತೆರುತ್ತಿದ್ದೀರಿ.

ಅದಕ್ಕೆ ಮೊದಲು ತಮ್ಮನ ವಿಷಯ. ನಿಮ್ಮ ಸಿಟ್ಟಿನ ಬೇರು ಅಲ್ಲೇ ಇದೆ ಅನ್ನಿಸಿತು.

ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1 ಲಕ್ಷ 40 ಸಾವಿರ. ಯಾವುದೇ ಒಂದು ದೇಶದವರಿಗೆ ನೂರಕ್ಕೆ 7ರಷ್ಟು ಮಾತ್ರ ಎಂಬ ಮಿತಿ 1990ರ ಕಾನೂನಿನಲ್ಲಿದೆ. ಸಣ್ಣ ದೇಶಕ್ಕೂ ಅಷ್ಟೇ, ಭಾರತಕ್ಕೂ ಅಷ್ಟೇ. ಇದನ್ನು ತೆಗೆಯುವ ಮಸೂದೆ 2019ರ ಜುಲೈನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಕೆಳಮನೆ ಹೌಸ್‌ನಲ್ಲಿ 365–65ರಲ್ಲಿ ಪಾಸಾಯಿತು. ಎರಡೂ ಪಕ್ಷದವರು ಸೇರಿಯೇ ಪಾಸು ಮಾಡಿದ್ದು. 2020ರ ಡಿಸೆಂಬರ್‌ನಲ್ಲಿ ಮೇಲ್ಮನೆ ಸೆನೆಟ್ ಕೂಡ ಒಂದು ರೂಪವನ್ನು ಯಾರ ವಿರೋಧವೂ ಇಲ್ಲದೆ ಒಪ್ಪಿತು. ಆದರೆ ಎರಡು ಸದನಗಳ ಪಠ್ಯ ಬೇರೆಬೇರೆ ಇತ್ತು. ಅದನ್ನು ಒಂದು ಮಾಡುವಷ್ಟರಲ್ಲಿ 2021ರ ಜನವರಿ 3ಕ್ಕೆ ಆ ಕಾಂಗ್ರೆಸ್‌ನ ಅವಧಿ ಮುಗಿಯಿತು. ಮಸೂದೆಯೂ ಅಲ್ಲಿಗೇ ಸತ್ತಿತು.

'ಇಬ್ಬರೂ ಒಂದೇ, ಇಬ್ಬರಿಗೂ ಬೇಡ' ಎಂದು ಇದನ್ನು ಓದಿಕೊಂಡರೆ ತಪ್ಪಾಗುತ್ತದೆ. ಇಬ್ಬರಲ್ಲೂ ಬೇಕು ಎನ್ನುವವರು ಸಾಕಷ್ಟು ಇದ್ದರು. ಆದರೆ ತಡವಾದರೆ ತಮ್ಮ ಸೀಟು ಹೋಗುತ್ತದೆ ಎಂಬ ಭಯ ಯಾರಿಗೂ ಇರಲಿಲ್ಲ. ಯಾಕೆಂದರೆ ಆ ಸಾಲಿನಲ್ಲಿ ಕಾಯುವವರಿಗೆ ವೋಟಿಲ್ಲ. ನಿಮ್ಮ ತಮ್ಮನಿಗಿಲ್ಲ, ನಿಮಗಿದೆ. ನೀವೂ ನಿಮ್ಮ ಯಜಮಾನರೂ ಮನೆಯಲ್ಲಿ ಕೂತರೆ ಆ ಸಾಲಿನ ಪರವಾಗಿ ಕೇಳುವವರಲ್ಲಿ ಇಬ್ಬರು ಕಡಿಮೆಯಾದರು. ನಾನು ಇದನ್ನು ಒತ್ತಿ ಹೇಳುತ್ತೇನೆ. ನಮ್ಮವರು ಸಿಟಿಜನ್ ಆಗುವ ತನಕ ಗ್ರೀನ್ ಕಾರ್ಡ್ ಬಗ್ಗೆ ಹಗಲೂ ರಾತ್ರಿ ಮಾತಾಡುತ್ತಾರೆ. ಆದ ಮೇಲೆ ಆ ವಿಷಯ ಬಿಟ್ಟೇಬಿಡುತ್ತಾರೆ.

ಪಕ್ಷಗಳು ಎಲ್ಲದರಲ್ಲೂ ಒಂದೇ ಎನ್ನುವುದೂ ನಿಜವಲ್ಲ. ಸುಪ್ರೀಂ ಕೋರ್ಟಿಗೆ ಎಂಥವರನ್ನು ನೇಮಿಸುತ್ತಾರೆ, ತೆರಿಗೆ ಯಾರಿಗೆ ಇಳಿಸುತ್ತಾರೆ, ಆರೋಗ್ಯ ವಿಮೆ, ಗರ್ಭಪಾತ, ವಲಸೆ, ಇಲ್ಲೆಲ್ಲ ವ್ಯತ್ಯಾಸ ದೊಡ್ಡದು. ಯಾವ ಕಡೆ ಸರಿ ಎಂದು ನಾನು ಹೇಳುವುದಿಲ್ಲ. ವ್ಯತ್ಯಾಸ ಇದೆ ಎಂದಷ್ಟೇ ಹೇಳುತ್ತೇನೆ.

ಈಗ 'ಇಬ್ಬರೇ ಯಾಕೆ' ಎಂಬ ಮಾತು. ಅಮೆರಿಕದ ಸಂವಿಧಾನದಲ್ಲಿ ರಾಜಕೀಯ ಪಕ್ಷದ ಹೆಸರೇ ಇಲ್ಲ. ಜಾರ್ಜ್ ವಾಷಿಂಗ್ಟನ್ 1796ರಲ್ಲಿ ಅಧಿಕಾರ ಬಿಡುವಾಗ ಪಕ್ಷ ಕಟ್ಟಿಕೊಂಡು ಕಾದಾಡಬೇಡಿ ಎಂದು ಎಚ್ಚರಿಸಿದ್ದರು. ಆದರೂ ಎರಡು ಪಕ್ಷ ಗಟ್ಟಿಯಾದವು. ಕಾರಣ ಚುನಾವಣೆಯ ಲೆಕ್ಕ. ಒಂದು ಕ್ಷೇತ್ರ, ಒಂದು ಸೀಟು, ಯಾರಿಗೆ ಹೆಚ್ಚು ವೋಟೋ ಅವರು ಗೆದ್ದರು. ಎರಡನೆಯವರಿಗೆ ಏನೂ ಇಲ್ಲ. ಇಂಥ ಕಡೆ ಮೂರನೆಯವರಿಗೆ ವೋಟು ಹಾಕಲು ಜನ ಹಿಂಜರಿಯುತ್ತಾರೆ. ಫ್ರಾನ್ಸಿನ ವಿದ್ವಾಂಸ ಮೋರಿಸ್ ದುವೆರ್ಜೆ ಕಳೆದ ಶತಮಾನದ ನಡುವೆಯೇ ಇದನ್ನು ಬಿಡಿಸಿ ಹೇಳಿದ್ದಾರೆ.

ಭಾರತದಲ್ಲೂ ಇದೇ ಪದ್ಧತಿ ಇದೆಯಲ್ಲ, ಅಲ್ಲಿ ಮಾತ್ರ ಹೇಗೆ ಮೂರು ನಾಲ್ಕು ಪಕ್ಷ ಎಂದು ನೀವು ಕೇಳಬಹುದು. ಅಲ್ಲಿ ಒಂದೊಂದು ಪ್ರದೇಶದಲ್ಲಿ ಒಂದೊಂದು ಪಕ್ಷ ಬಲವಾಗಿ ನಿಲ್ಲುತ್ತದೆ. ಆಮೇಲೆ ಸದನದಲ್ಲಿ ಕೈಜೋಡಿಸಿ ಸರ್ಕಾರ ಮಾಡಬಹುದು. 2018ರಲ್ಲಿ ಜೆಡಿಎಸ್ ಗೆದ್ದದ್ದು 224ರಲ್ಲಿ 37 ಸೀಟು, ಆದರೂ ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾದರು. ಅಮೆರಿಕದಲ್ಲಿ ಈ ದಾರಿ ಇಲ್ಲ. ಅಧ್ಯಕ್ಷರಾಗಲು ರಾಜ್ಯಗಳಿಗೆ ಹಂಚಿರುವ 538 ಎಲೆಕ್ಟೋರಲ್ ವೋಟಿನಲ್ಲಿ 270 ಬೇಕು. ಬಹುತೇಕ ರಾಜ್ಯಗಳಲ್ಲಿ ಮೊದಲು ಬಂದವರಿಗೇ ಆ ರಾಜ್ಯದ ಅಷ್ಟೂ ವೋಟು. 1992ರಲ್ಲಿ ಉದ್ಯಮಿ ರಾಸ್ ಪೆರೋ ಸ್ವತಂತ್ರವಾಗಿ ನಿಂತು ನೂರಕ್ಕೆ 19ರಷ್ಟು ವೋಟು ಪಡೆದರು. ಹತ್ತಿರಹತ್ತಿರ 2 ಕೋಟಿ ಜನ. ಎಲೆಕ್ಟೋರಲ್ ವೋಟು ಸಿಕ್ಕಿದ್ದು ಸೊನ್ನೆ. 1912ರಲ್ಲಿ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹೊಸ ಪಕ್ಷದಿಂದ ನಿಂತು ನೂರಕ್ಕೆ 27 ವೋಟು ಪಡೆದು ಸೋತರು. ಆ ಪಕ್ಷ ಹೆಚ್ಚು ದಿನ ಉಳಿಯಲಿಲ್ಲ.

ಹಾಗಾದರೆ ಈ ಇಬ್ಬರನ್ನು ಆರಿಸಿದವರು ಯಾರು? ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸುವ ಮೊದಲ ಸುತ್ತಿನ ಚುನಾವಣೆಯಲ್ಲಿ, ವೋಟು ಹಾಕಿದವರು. ನವೆಂಬರ್‌ನಲ್ಲಿ ನಿಮ್ಮ ಮುಂದೆ ಬರುವುದು ಅವರು ಆರಿಸಿಟ್ಟ ಹೆಸರುಗಳು.

ಪೆನ್ಸಿಲ್ವೇನಿಯಾದ್ದು ಮುಚ್ಚಿದ ಪ್ರೈಮರಿ. ಡೆಮಾಕ್ರಟ್ ಎಂದು ನೋಂದಾಯಿಸಿದವರು ಡೆಮಾಕ್ರಟರನ್ನು ಆರಿಸುತ್ತಾರೆ, ರಿಪಬ್ಲಿಕನ್ನರು ರಿಪಬ್ಲಿಕನ್ನರನ್ನು. 'ಯಾವುದೂ ಇಲ್ಲ' ಎಂದವರಿಗೆ ಆ ದಿನ ಸಾರ್ವಜನಿಕ ಪ್ರಶ್ನೆ ಅಥವಾ ವಿಶೇಷ ಚುನಾವಣೆ ಇದ್ದರೆ ಅದರಲ್ಲಿ ಮಾತ್ರ ವೋಟು. ಅಭ್ಯರ್ಥಿ ಆರಿಸುವ ಕೆಲಸದಲ್ಲಿ ಇಲ್ಲ. ನೀವು ಯಾರ ಬಾಲವೂ ಆಗಬಾರದು ಎಂದುಕೊಂಡಿರಿ. ಆದರೆ ಬಾಗಿಲ ಹೊರಗೆ ಉಳಿದಿರಿ.

2022ರ ಒಂದು ಉದಾಹರಣೆ ನೋಡಿ. ದೇಶದ ಸೆನೆಟ್‌ನಲ್ಲಿ ನಿಮ್ಮ ರಾಜ್ಯದ ಸೀಟಿಗೆ ರಿಪಬ್ಲಿಕನ್ ಪ್ರೈಮರಿ. 13 ಲಕ್ಷಕ್ಕೂ ಹೆಚ್ಚು ಜನ ವೋಟು ಹಾಕಿದರು. ಟಿವಿ ಖ್ಯಾತಿಯ ವೈದ್ಯ ಮೆಹ್ಮೆತ್ ಓಜ್ ಅವರು ಡೇವಿಡ್ ಮೆಕಾರ್ಮಿಕ್ ಅವರಿಗಿಂತ ಮುಂದಿದ್ದದ್ದು ಬರೀ 951 ವೋಟು. ರಾಜ್ಯದಲ್ಲಿ ನೋಂದಾಯಿತ ಮತದಾರರು 85 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಪಕ್ಷದ ಗುರುತಿಲ್ಲದ ಲಕ್ಷಾಂತರ ಜನ ಆವತ್ತು ಸುಮ್ನೆ ನೋಡುತ್ತಾ ಇರಬೇಕಾಯಿತು. ಸಾವಿರ ಜನ ಬೇರೆ ಥರ ಯೋಚಿಸಿದ್ದರೆ ನವೆಂಬರ್‌ನ ಮತಪತ್ರದಲ್ಲಿ ಬೇರೆ ಹೆಸರು ಇರುತ್ತಿತ್ತು.

ದೊಡ್ಡ ನಾಯಕರೂ ಬೀಳುವುದು ಇಲ್ಲೇ. 2014ರಲ್ಲಿ ವರ್ಜೀನಿಯಾದಲ್ಲಿ ಹೌಸ್‌ನ ಬಹುಮತ ಪಕ್ಷದ ನಾಯಕ ಎರಿಕ್ ಕ್ಯಾಂಟರ್ ಪ್ರೈಮರಿಯಲ್ಲಿ ಸೋತರು. ವೋಟು ಹಾಕಿದವರು ಒಟ್ಟು 65 ಸಾವಿರದಷ್ಟು. 2018ರಲ್ಲಿ ನ್ಯೂಯಾರ್ಕಿನಲ್ಲಿ ಡೆಮಾಕ್ರಟಿಕ್ ಪಕ್ಷದ ಹಿರಿಯ ನಾಯಕ ಜೋ ಕ್ರೌಲಿ ಅವರನ್ನು ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಸೋಲಿಸಿದರು. ಅಲ್ಲಿ 30 ಸಾವಿರ ಜನರೂ ವೋಟು ಹಾಕಿರಲಿಲ್ಲ. ಒಂದು ಕ್ಷೇತ್ರದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಇರುತ್ತಾರೆ.

ಹೌಸ್‌ನ ಬಹುಪಾಲು ಕ್ಷೇತ್ರಗಳಲ್ಲಿ ಯಾವ ಪಕ್ಷ ಗೆಲ್ಲುತ್ತದೆ ಎಂಬುದು ಮೊದಲೇ ಗೊತ್ತು. ಅಲ್ಲಿ ಶಾಸಕರಿಗೆ ನವೆಂಬರ್ ಭಯವಿಲ್ಲ, ಪ್ರೈಮರಿಯ ಭಯ ಇದೆ. ಪ್ರೈಮರಿಗೆ ಬರುವವರು ಕಡಿಮೆ, ಬರುವವರಲ್ಲಿ ಕಟ್ಟಾ ಬೆಂಬಲಿಗರು ಜಾಸ್ತಿ. ಆದ್ದರಿಂದ ನಾಯಕರು ಅವರಿಗೆ ಇಷ್ಟವಾಗುವ ಹಾಗೆ ಮಾತಾಡುತ್ತಾರೆ. ರಾಜಿ ಮಾಡಿಕೊಂಡರೆ ಮನೆಯವರೇ ಹೊಡೆಯುತ್ತಾರೆ ಎಂಬ ಸ್ಥಿತಿ. 'ಇವರು ಯಾಕೆ ಕೂತು ಮಾತಾಡಿ ಬಗೆಹರಿಸಲ್ಲ' ಎಂದು ನೀವು ಕೇಳಿದರೆ, ನನ್ನ ಉತ್ತರದ ಬಹುಪಾಲು ಇದೇ.

ಆದರೆ ಒಂದು ಮಾತು ಮುಚ್ಚಿಡುವುದು ಸರಿಯಲ್ಲ. ಅಧ್ಯಕ್ಷರ ವಿಷಯದಲ್ಲಿ ನಿಮ್ಮ ರಾಜ್ಯದ ಪ್ರೈಮರಿಯೂ ಹೆಚ್ಚು ಕೈಹಿಡಿಯುವುದಿಲ್ಲ. 2024ರ ಜನವರಿಯಲ್ಲಿ ಅಯೋವಾದಲ್ಲಿ ಅಭ್ಯರ್ಥಿ ಆರಿಸುವ ರಿಪಬ್ಲಿಕನ್ ಸಭೆಗಳಿಗೆ ಬಂದವರು ಸುಮಾರು 1 ಲಕ್ಷ 10 ಸಾವಿರ. ಅಲ್ಲಿಂದ ಮಾರ್ಚ್ ಹೊತ್ತಿಗೆ ಎಲ್ಲಾ ತೀರ್ಮಾನ ಆಗಿತ್ತು. ಪೆನ್ಸಿಲ್ವೇನಿಯಾದ ಸರದಿ ಬಂದದ್ದು ಏಪ್ರಿಲ್ 23ಕ್ಕೆ. ಡೆಮಾಕ್ರಟರ ಕಡೆ ಜೋ ಬೈಡನ್ ಪ್ರೈಮರಿಗಳೆಲ್ಲ ಮುಗಿದ ಮೇಲೆ, ಜುಲೈ 21ರಂದು, ಹಿಂದೆ ಸರಿದರು. ಕಮಲಾ ಹ್ಯಾರಿಸ್ ಅವರನ್ನು ಪಕ್ಷದ ಪ್ರತಿನಿಧಿಗಳು ಒಪ್ಪಿದರು, ಮತದಾರರ ಮುಂದೆ ಆ ಆಯ್ಕೆ ಬರಲೇ ಇಲ್ಲ. 'ನಮ್ಮನ್ನು ಯಾರೂ ಕೇಳಲಿಲ್ಲ' ಎಂದು ನೀವು ದೂರಿದರೆ ಅದು ಇಲ್ಲಿ ಪೂರ್ತಿ ನ್ಯಾಯವಾದದ್ದು. ಆದರೆ ಸೆನೆಟ್, ಹೌಸ್, ಗವರ್ನರ್, ರಾಜ್ಯದ ಶಾಸನಸಭೆ, ಇವುಗಳ ಆಯ್ಕೆ ನಿಮ್ಮ ರಾಜ್ಯದ ಪ್ರೈಮರಿಯಲ್ಲೇ ಆಗುವುದು. ಗ್ರೀನ್ ಕಾರ್ಡಿನ ಕಾನೂನು ಬದಲಾಗಬೇಕಾದದ್ದೂ ಕಾಂಗ್ರೆಸ್‌ನಲ್ಲೇ.

ಆದ್ದರಿಂದ ನನ್ನ ಸಲಹೆ: ಯಾವುದಾದರೂ ಒಂದು ಪಕ್ಷಕ್ಕೆ ನೋಂದಾಯಿಸಿಕೊಳ್ಳಿ. ಬಹಳ ಜನ ಇದನ್ನು ನಿಷ್ಠೆಯ ಪ್ರಮಾಣ ಎಂದುಕೊಂಡಿದ್ದಾರೆ. ಹಾಗೇನಿಲ್ಲ. ಶುಲ್ಕವಿಲ್ಲ, ಸಭೆಗೆ ಹೋಗಬೇಕಿಲ್ಲ. ನವೆಂಬರ್‌ನಲ್ಲಿ ಯಾರಿಗೆ ಬೇಕಾದರೂ ವೋಟು ಹಾಕಬಹುದು. ಬೇಡವೆನಿಸಿದರೆ ಮತ್ತೆ ಬದಲಾಯಿಸಬಹುದು. ಯಾವ ಪಕ್ಷ ಎಂದರೆ, ನಿಮ್ಮ ಭಾಗದಲ್ಲಿ ಯಾವ ಪಕ್ಷ ಪ್ರತಿಸಲ ಗೆಲ್ಲುತ್ತದೋ ಅದು. ಅಲ್ಲಿ ಅದರ ಪ್ರೈಮರಿಯೇ ನಿಜವಾದ ಚುನಾವಣೆ. ಎರಡೂ ಕಡೆ ಸಮಬಲ ಇದ್ದರೆ, ಯಾವ ಪಕ್ಷ ಸುಧಾರಿಸಿದರೆ ನಿಮಗೆ ನಿಜವಾಗಿ ಸಂತೋಷವೋ ಅದನ್ನು ಆರಿಸಿ. ಎದುರಾಳಿ ಪಕ್ಷದೊಳಗೆ ಹೋಗಿ ದುರ್ಬಲ ಅಭ್ಯರ್ಥಿಯನ್ನು ಗೆಲ್ಲಿಸುವ ಉಪಾಯ ಕೆಲವರು ಹೇಳುತ್ತಾರೆ. ಅದನ್ನು ಮಾಡಬೇಡಿ. ನೀವು ದುರ್ಬಲ ಎಂದುಕೊಂಡವರು ನವೆಂಬರ್‌ನಲ್ಲಿ ಗೆದ್ದುಬಿಡಬಹುದು.

ಇದಕ್ಕೂ ತೊಂದರೆಗಳಿವೆ. ನೀವು ಯಾರಿಗೆ ವೋಟು ಹಾಕಿದಿರಿ ಎಂಬುದು ಗುಟ್ಟು, ಆದರೆ ಯಾವ ಪಕ್ಷಕ್ಕೆ ನೋಂದಾಯಿಸಿದ್ದೀರಿ ಎಂಬುದು ಗುಟ್ಟಲ್ಲ. ಮತದಾರರ ಪಟ್ಟಿ ಸಾರ್ವಜನಿಕ ದಾಖಲೆ. ನೆರೆಮನೆಯವರೋ ಆಫೀಸಿನವರೋ ನೋಡಬಹುದು. ಕೆಲವರಿಗೆ ಇದು ನಿಜವಾದ ಮುಜುಗರ. ಜೊತೆಗೆ ಫೋನು, ಮೆಸೇಜು, ಅಂಚೆಯ ಕಾಗದ ಜಾಸ್ತಿ ಬರುತ್ತವೆ.

ಈಗ ನಿಮ್ಮ ಯಜಮಾನರ ಮಾತು. ವೋಟು ಹಾಕದೇ ಇದ್ದರೆ ಬುದ್ಧಿ ಬರುತ್ತದೆ ಎಂಬುದು ನಮ್ಮ ಜನರಲ್ಲಿ ಬಹಳ ಬೇರೂರಿದ ನಂಬಿಕೆ. ಪ್ರಚಾರದವರು ಕೆಲಸ ಮಾಡುವುದು ಹೇಗೆಂದು ತಿಳಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಯಾರು ಯಾವ ಚುನಾವಣೆಯಲ್ಲಿ ವೋಟು ಹಾಕಿದ್ದಾರೆ ಎಂಬ ದಾಖಲೆ ಪಕ್ಷಗಳ ಕೈಯಲ್ಲಿರುತ್ತದೆ. ಹಾಕದವರ ಹೆಸರನ್ನು ಅವರು ಪಟ್ಟಿಯ ಕೆಳಗೆ ತಳ್ಳುತ್ತಾರೆ. ಅವರ ಮನೆಗೆ ಹೋಗುವುದಿಲ್ಲ, ಅವರ ಅಭಿಪ್ರಾಯ ಕೇಳುವುದಿಲ್ಲ. ಸಿಟ್ಟಿನಿಂದ ಹಾಕಲಿಲ್ಲವೋ, ಆಲಸ್ಯದಿಂದ ಹಾಕಲಿಲ್ಲವೋ ಎಂದು ಎಲ್ಲೂ ಬರೆದಿರುವುದಿಲ್ಲ.

ಮತ್ತೆ ಒಂದು ವೋಟಿನಿಂದ ಏನಾಗುತ್ತದೆ ಎನ್ನುವವರಿಗೆ: 2017ರಲ್ಲಿ ವರ್ಜೀನಿಯಾ ಶಾಸನಸಭೆಯ ಒಂದು ಸೀಟಿನಲ್ಲಿ ಇಬ್ಬರಿಗೂ 11,608 ವೋಟು ಬಂತು. ಬಟ್ಟಲಿನಿಂದ ಚೀಟಿ ಎತ್ತಿ ಗೆದ್ದವರನ್ನು ತೀರ್ಮಾನಿಸಿದರು. ಆ ಚೀಟಿಯಿಂದ ಸದನದ ಬಹುಮತ 51–49 ಆಯಿತು. ನಿಮ್ಮ ಪೆನ್ಸಿಲ್ವೇನಿಯಾ ಶಾಸನಸಭೆಯ ಕೆಳಮನೆ 2022ರಲ್ಲೂ 2024ರಲ್ಲೂ 102–101. ಒಂದೇ ಒಂದು ಸೀಟಿನ ಅಂತರ. 2022ರಲ್ಲಿ ಫಿಲಡೆಲ್ಫಿಯಾ ಪಕ್ಕದ ಮಾಂಟ್ಗೊಮೆರಿ ಕೌಂಟಿಯ ಒಂದು ಸೀಟು ನೂರಕ್ಕಿಂತ ಕಡಿಮೆ ವೋಟಿನಲ್ಲಿ ತೀರ್ಮಾನವಾಗಿತ್ತು.

ನೋಟಾ ಇಲ್ಲಿ ಯಾಕಿಲ್ಲ ಎಂಬುದು ನಿಮ್ಮ ಪತ್ರದೊಳಗಿನ ಪ್ರಶ್ನೆ. ನೆವಾಡಾದಲ್ಲಿ ಇದೆ, 1976ರಿಂದಲೇ. ಭಾರತದಲ್ಲಿ ಬಂದದ್ದು 2013ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ. ಎರಡೂ ಕಡೆ ಅದಕ್ಕೆ ಹಲ್ಲಿಲ್ಲ. 2014ರಲ್ಲಿ ನೆವಾಡಾ ಗವರ್ನರ್ ಸ್ಥಾನದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ 'ಇವರಲ್ಲಿ ಯಾರೂ ಬೇಡ' ಎಂಬುದಕ್ಕೇ ಅತಿ ಹೆಚ್ಚು ವೋಟು ಬಂತು. ಟಿಕೆಟ್ ಸಿಕ್ಕಿದ್ದು ಎರಡನೇ ಸ್ಥಾನದ ಮನುಷ್ಯನಿಗೆ. 2024ರ ಫೆಬ್ರವರಿಯಲ್ಲಿ ಅದೇ ರಾಜ್ಯದ ರಿಪಬ್ಲಿಕನ್ ಪ್ರೈಮರಿಯಲ್ಲಿ ನಿಕ್ಕಿ ಹೇಲಿ ಅದೇ ಆಯ್ಕೆಗೆ ಸೋತರು. ಟ್ರಂಪ್ ಹೆಸರು ಆ ಮತಪತ್ರದಲ್ಲಿ ಇರಲಿಲ್ಲ. ಸುದ್ದಿಯಾಯಿತು, ಅಷ್ಟೇ.

ಅಧ್ಯಕ್ಷರ ಇಬ್ಬರು ಅಭ್ಯರ್ಥಿಗಳೂ ನಿಮಗೆ ಖಂಡಿತ ಬೇಡ ಎಂದಾದರೆ ಆ ಒಂದು ಸಾಲನ್ನು ಖಾಲಿ ಬಿಡಬಹುದು, ಅಥವಾ ಬೇರೆ ಹೆಸರು ಬರೆಯಬಹುದು. ಕೆಳಗಿನ ಸ್ಥಾನಗಳಿಗೆ ನೀವು ಹಾಕಿದ ವೋಟು ಪೂರ್ತಿ ಎಣಿಕೆಯಾಗುತ್ತದೆ. ಮನೆಯಲ್ಲೇ ಉಳಿಯುವುದಕ್ಕಿಂತ ಇದು ಎಷ್ಟೋ ಮೇಲು. ನಿಮ್ಮ ಯಜಮಾನರಿಗೆ ಇದನ್ನು ಹೇಳಿ ನೋಡಿ.

ಮೂರನೇ ಪಕ್ಷ? ನಿಮ್ಮ ರಾಜ್ಯದಲ್ಲಿ ಇದು ಹಗುರವಾದ ನಿರ್ಧಾರವಲ್ಲ. 2016ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಟ್ರಂಪ್ ಗೆದ್ದದ್ದು ಸುಮಾರು 44 ಸಾವಿರ ವೋಟಿನಿಂದ. ಗ್ರೀನ್ ಪಕ್ಷದ ಜಿಲ್ ಸ್ಟೈನ್ ಅವರಿಗೆ ಸುಮಾರು 50 ಸಾವಿರ, ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್ ಅವರಿಗೆ ಸುಮಾರು 1 ಲಕ್ಷ 46 ಸಾವಿರ ಬಿದ್ದಿತ್ತು. ಆ ವೋಟುಗಳೇ ಫಲಿತಾಂಶ ಬದಲಿಸಿದವು ಎಂದು ಖಚಿತವಾಗಿ ಹೇಳಲಾಗದು. ಅವರಲ್ಲಿ ಎಷ್ಟೋ ಜನ ಬೇರೆ ಯಾರಿಗೂ ಹಾಕುತ್ತಿರಲಿಲ್ಲ, ಜಾನ್ಸನ್ ಅವರಿಗೆ ಹಾಕಿದವರಲ್ಲಿ ರಿಪಬ್ಲಿಕನ್ ಒಲವಿನವರೂ ಇದ್ದರು. ಆದರೆ ಅಂತರಕ್ಕಿಂತ ಆ ವೋಟು ದೊಡ್ಡದು ಎಂಬುದು ಸತ್ಯ. ಇಬ್ಬರಲ್ಲಿ ಯಾರು ಗೆದ್ದರೂ ನಿಮಗೆ ನಿಜಕ್ಕೂ ಒಂದೇ ಆದರೆ ಧೈರ್ಯವಾಗಿ ಹಾಕಿ, ಅದು ನಿಮ್ಮ ಹಕ್ಕು. ಒಳಗೊಳಗೇ 'ಇವರು ಮಾತ್ರ ಬರಬಾರದು' ಎಂದಿದ್ದರೆ, ಮೊದಲು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಪದ್ಧತಿಯನ್ನೇ ಬದಲಿಸುವ ಪ್ರಯತ್ನಗಳೂ ಇವೆ. ಮೇನ್ ಮತ್ತು ಅಲಾಸ್ಕಾದಲ್ಲಿ ಮತದಾರರು ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ಇಷ್ಟದ ಕ್ರಮದಲ್ಲಿ ಗುರುತಿಸುತ್ತಾರೆ. ನಿಮ್ಮ ಮೊದಲ ಆಯ್ಕೆ ಸೋತರೆ ವೋಟು ಎರಡನೆಯವರಿಗೆ ಹೋಗುತ್ತದೆ. ಹಾಗಾಗಿ ಮೂರನೆಯವರಿಗೆ ಹಾಕಲು ಹೆದರಬೇಕಿಲ್ಲ. ಆದರೆ 2024ರಲ್ಲಿ ಕೊಲೊರಾಡೊ, ಐಡಹೊ, ನೆವಾಡಾ, ಆರೆಗಾನ್ ನಾಲ್ಕೂ ರಾಜ್ಯಗಳ ಮತದಾರರು ಈ ಪದ್ಧತಿ ಬೇಡ ಎಂದರು. ಅಲಾಸ್ಕಾದಲ್ಲಿ ಕೂದಲೆಳೆಯಲ್ಲಿ ಉಳಿಯಿತು. ಪೆನ್ಸಿಲ್ವೇನಿಯಾದಲ್ಲಿ ಜನರೇ ಸಹಿ ಸಂಗ್ರಹಿಸಿ ಕಾನೂನನ್ನು ಮತಕ್ಕೆ ಹಾಕುವ ಅವಕಾಶ ಇಲ್ಲ. ಶಾಸಕರೇ ಮಾಡಬೇಕು. ಪ್ರೈಮರಿಯನ್ನು ಪಕ್ಷೇತರರಿಗೂ ತೆರೆಯುವ ಮಸೂದೆ 2019ರಲ್ಲಿ ರಾಜ್ಯ ಸೆನೆಟ್‌ನಲ್ಲಿ ಪಾಸಾಗಿ ಅಲ್ಲಿಗೇ ನಿಂತಿತು. ನಿಮ್ಮ ರಾಜ್ಯ ಶಾಸಕರಿಗೆ ಪತ್ರ ಬರೆಯುವುದಿದ್ದರೆ ಮೊದಲು ಈ ವಿಷಯಕ್ಕೆ ಬರೆಯಿರಿ.

ಇನ್ನೊಂದು, ಜನ ಪೂರ್ತಿ ಮರೆಯುವ ಜಾಗ ಇದೆ. ಬೆಸ ವರ್ಷದ ಚುನಾವಣೆಗಳು. 2015ರಲ್ಲಿ ನಿಮ್ಮ ರಾಜ್ಯದ ಸುಪ್ರೀಂ ಕೋರ್ಟಿನ ಮೂರು ಸ್ಥಾನಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷರ ಚುನಾವಣೆಗೆ ಬರುವ ಜನರಲ್ಲಿ ಬಹುಪಾಲು ಅವತ್ತು ಬರಲಿಲ್ಲ. ಅದೇ ಕೋರ್ಟು 2018ರಲ್ಲಿ ರಾಜ್ಯದ ಕಾಂಗ್ರೆಸ್ ಕ್ಷೇತ್ರಗಳ ನಕ್ಷೆಯನ್ನು ರದ್ದು ಮಾಡಿತು. ಹಳೆಯ ನಕ್ಷೆಯಲ್ಲಿ 18 ಸೀಟಿನಲ್ಲಿ 13 ರಿಪಬ್ಲಿಕನ್ನರಿಗೆ ಹೋಗುತ್ತಿತ್ತು. ಹೊಸ ನಕ್ಷೆಯಲ್ಲಿ ಆ ವರ್ಷ 9–9 ಆಯಿತು. ಈ ತೀರ್ಪನ್ನು ಮೆಚ್ಚುವವರೂ ಇದ್ದಾರೆ, ಬೈಯುವವರೂ ಇದ್ದಾರೆ. ಆದರೆ ದೇಶದ ಕಾಂಗ್ರೆಸ್ ಹೇಗಿರಬೇಕು ಎಂಬುದರ ಮೇಲೆ ಇಷ್ಟು ದೊಡ್ಡ ಪರಿಣಾಮ ಬಂದದ್ದು ಯಾರೂ ಗಮನಿಸದ ಒಂದು ನವೆಂಬರ್‌ನಿಂದ. ಸ್ಕೂಲ್ ಬೋರ್ಡು, ಟೌನ್‌ಶಿಪ್ ಕೂಡ ಬೆಸ ವರ್ಷದಲ್ಲೇ. ನಿಮ್ಮ ಆಸ್ತಿ ತೆರಿಗೆಯ ದೊಡ್ಡ ಭಾಗ ತೀರ್ಮಾನಿಸುವುದು ಆ ಸ್ಕೂಲ್ ಬೋರ್ಡು.

ಪಕ್ಷದೊಳಗೆ ಇನ್ನೂ ಕೆಳಗಿನ ಹಂತವೊಂದಿದೆ, ಮತಗಟ್ಟೆ ಮಟ್ಟದ ಕಮಿಟಿ ಸದಸ್ಯರು. ಸ್ಥಳೀಯವಾಗಿ ಯಾರನ್ನು ಬೆಂಬಲಿಸಬೇಕು ಎಂದು ಪಕ್ಷ ಕೂತು ಮಾತಾಡುವಾಗ ಒಳಗಿರುವವರು ಇವರೇ. ಇವರನ್ನೂ ಪ್ರೈಮರಿಯಲ್ಲೇ ಆರಿಸುವುದು. ಎಷ್ಟೋ ಕಡೆ ಯಾರೂ ನಿಲ್ಲದೆ ಜಾಗ ಖಾಲಿ ಇರುತ್ತದೆ. ಬೆರಳೆಣಿಕೆಯ ಜನ ಹೆಸರು ಬರೆದರೆ ಗೆದ್ದುಬಿಡುತ್ತಾರೆ. ಸಂಜೆಯ ಸಮಯ ಹೋಗುತ್ತದೆ, ಮನೆಮನೆ ಅಲೆಯಬೇಕು, ಕೆಲವೊಮ್ಮೆ ಮಾತು ಕೇಳಬೇಕು. ಎಲ್ಲರಿಗೂ ಆಗುವ ಕೆಲಸವಲ್ಲ. ಆಗುವುದಾದರೆ, ನಿಮ್ಮ ತಮ್ಮನ ವಿಷಯವನ್ನು ಒಬ್ಬ ಅಭ್ಯರ್ಥಿಯ ಎದುರು ಕೂತು ಕೇಳಲು ಇದಕ್ಕಿಂತ ಹತ್ತಿರದ ದಾರಿ ನನಗೆ ಗೊತ್ತಿಲ್ಲ.

ಪ್ರೈಮರಿ ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಅಧ್ಯಕ್ಷರ ಚುನಾವಣೆಯ ವರ್ಷದಲ್ಲಿ ಏಪ್ರಿಲ್‌ನಲ್ಲಿ. ಪಕ್ಷ ಬದಲಿಸಲು ಗಡುವು ಪ್ರೈಮರಿಗೆ 15 ದಿನ ಮೊದಲು. ಹೊಸದಾಗಿ ನೋಂದಾಯಿಸಲು ಬಳಸುವ ಅದೇ ಫಾರ್ಮಿನಲ್ಲಿ ಪಕ್ಷ ಬದಲಿಸುವ ಜಾಗವೂ ಇದೆ. ರಾಜ್ಯದ ಚುನಾವಣಾ ವೆಬ್‌ಸೈಟಿನಲ್ಲಿ ಮನೆಯಿಂದಲೇ ತುಂಬಬಹುದು. ತುಂಬಿದ ಮೇಲೆ ಕೌಂಟಿಯಿಂದ ಹೊಸ ಕಾರ್ಡು ಬರುತ್ತದೆ. ಅದರಲ್ಲಿ ಪಕ್ಷದ ಹೆಸರು ಸರಿಯಾಗಿದೆಯೇ ಎಂದು ನೋಡಿಕೊಳ್ಳಿ. ತಪ್ಪಿದ್ದರೆ ಗಡುವಿನೊಳಗೆ ಕೌಂಟಿಯ ಚುನಾವಣಾ ಕಚೇರಿಗೆ ಫೋನ್ ಮಾಡಿ.